ದಾರಿಯಲ್ಲಿ ಹೋಗುವವನ ಪಾಲು

ಗೌಡಗೆರೆಯ ವೆಂಕಟರಾಮಯ್ಯ ಮೇಷ್ಟ್ರ ಮನೆಗೆ ಕಾರು ಬಂದ ದಿನ ಊರಿನವರೆಲ್ಲ ಕಾರು ನೋಡಲು ಬಂದರೆ, ಮೇಷ್ಟ್ರ ಹೆಂಡತಿ ಹನುಮಕ್ಕ ಮಾತ್ರ ಊರಿನವರ ಮುಖ ನೋಡಲು ಜಗಲಿಗೆ ಬಂದು ನಿಂತಳು. ಯಾರು ನಿಜವಾಗಿ ಹಿಗ್ಗಿದರು, ಯಾರು ಹೊಟ್ಟೆಯಲ್ಲಿ ಹುಳಿ ಇಟ್ಟುಕೊಂಡು ನಕ್ಕರು ಎಂಬುದನ್ನು ಅವಳು ಆ ಸಂಜೆಯೇ ಸೊಸೆ ಸರಸಮ್ಮನಿಗೆ ಒಬ್ಬೊಬ್ಬರ ಹೆಸರು ಹಿಡಿದು ಹೇಳಿದ್ದಳು. ಎಂಬತ್ಮೂರನೆಯ ಇಸವಿ. ಕಾರು ಹೊಸದೇನೂ ಅಲ್ಲ. ಶಿರಾದ ಡಾಕ್ಟರೊಬ್ಬರು ಸಾಕಾಗುವಷ್ಟು ಓಡಿಸಿ, ಇನ್ನು ಸಾಕೆಂದು ಮಾರಿದ ಬಿಳಿ ಅಂಬಾಸಿಡರ್. ಅದರ ಎಡಗಡೆ ಹಿಂಬಾಗಿಲು ಒಳಗಿನಿಂದ ತೆಗೆಯಲು ಬರುತ್ತಿರಲಿಲ್ಲ. ಹೊರಗಿನಿಂದ ಯಾರಾದರೂ ತೆಗೆದರೇ ಆ ಕಡೆ ಕೂತವರು ಇಳಿಯಬೇಕು. ಹನುಮಕ್ಕನಿಗೆ ಅದೂ ಒಂದು ಮರ್ಯಾದೆಯೇ ಅನ್ನಿಸಿ, ಅವಳು ಯಾವಾಗಲೂ ಆ ಕಡೆಯೇ ಕೂರುತ್ತಿದ್ದಳು.

ಮಗ ಬೈರಪ್ಪ ಶಿರಾದಲ್ಲಿ ಕಡಲೆಕಾಯಿ ಸುಲಿಯುವ ಮಿಲ್ಲು ಇಟ್ಟು ನಾಲ್ಕು ಕಾಸು ಮಾಡಿಕೊಂಡಿದ್ದ. ಕಾರು ಅವನ ಆಸೆ. ಲಾರಿ ಡ್ರೈವರೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆರೆ ಏರಿಯ ಕೆಳಗಿನ ಬಯಲಿನಲ್ಲಿ ಕಲಿತು, ತುಮಕೂರಿಗೆ ಹೋಗಿ ಲೈಸೆನ್ಸನ್ನೂ ಮಾಡಿಸಿಕೊಂಡು ಬಂದಿದ್ದ. ಸ್ಟೇರಿಂಗು ಹಿಡಿದಾಗ ಅವನ ಮೈಯೆಲ್ಲ ಬಿಗಿಯುತ್ತಿತ್ತು, ತುಟಿ ಕಚ್ಚಿಕೊಳ್ಳುತ್ತಿದ್ದ. ಆದರೂ ಓಡಿಸುತ್ತಿದ್ದ.

ಕಾರು ಬಂದ ಮುಂದಿನ ವಾರ ಸಂಜೀವಯ್ಯ ಬಂದ. ಶಿರಾದಿಂದ ಮಂಗಳವಾರ, ಶುಕ್ರವಾರ ಗೌಡಗೆರೆಯ ಕಡೆ ಬರುತ್ತಿದ್ದ ಇನ್ಶೂರೆನ್ಸ್ ಏಜೆಂಟ್ ಅವನು. ಮೇಷ್ಟ್ರಿಗೆ ಜೀವವಿಮೆ ಮಾಡಿಸಿದವನೂ ಅವನೇ. ನಡುಮನೆಯಲ್ಲಿ ಎಲೆ ಹಾಕಿ ಊಟಕ್ಕೆ ಕೂರಿಸಿದರು. ಹೊರಗೆ ಜಗಲಿಯ ಮೇಲೆ ಗೊಲ್ಲರಹಟ್ಟಿಯ ಯತ್ತಪ್ಪ ಅಲ್ಯೂಮಿನಿಯಂ ತಟ್ಟೆಯಲ್ಲಿ ಮುದ್ದೆ ಮುರಿಯುತ್ತಿದ್ದ. ಪ್ರತಿ ವರ್ಷ ಕಡಲೆಕಾಯಿ ಕಿತ್ತ ಮೇಲೆ ಅವನ ಕುರಿಮಂದೆ ಮೇಷ್ಟ್ರ ಹೊಲದಲ್ಲಿ ರಾತ್ರಿ ತಂಗುತ್ತಿತ್ತು. ಗೊಬ್ಬರ ಇವರ ಹೊಲಕ್ಕೆ, ರಾಗಿ ಮತ್ತು ಒಂದು ಹೊತ್ತಿನ ಊಟ ಅವನಿಗೆ. ಮೇಷ್ಟ್ರ ಅಪ್ಪನ ಕಾಲದಿಂದ, ಯತ್ತಪ್ಪನ ಅಪ್ಪನ ಕಾಲದಿಂದ ನಡೆದುಬಂದ ಲೆಕ್ಕ ಅದು.

"ನೋಡಪ್ಪ ಬೈರಪ್ಪ, ನೀನು ಹೊಸದಾಗಿ ಗಾಡಿ ಹಿಡಿದೋನು," ಎಂದ ಸಂಜೀವಯ್ಯ ಸಾರಿಗೆ ಅನ್ನ ಕಲಸುತ್ತ. "ಮೂರು ಕಾಗದ ಸರಿಯಾಗಿ ಇಟ್ಕೋ. ಲೈಸೆನ್ಸು, ನಿನಗೆ ಓಡ್ಸಕ್ಕೆ ಬರುತ್ತೆ ಅನ್ನೋದಕ್ಕೆ. ಆರ್‌ಸಿ, ಗಾಡಿ ನಿಂದು ಅನ್ನೋದಕ್ಕೆ. ಇನ್ನು ಇನ್ಶೂರೆನ್ಸು. ಡಾಕ್ಟರು ಕಟ್ಟಿದ್ದು ಕಾರ್ತಿಕ ಮುಗಿಯೋ ಹೊತ್ಗೆ ಮುಗಿಯುತ್ತೆ. ಅಷ್ಟರೊಳಗೆ ನಿನ್ನ ಹೆಸರಲ್ಲಿ ಹೊಸದು ಮಾಡಿಸಬೇಕು. ಅದಿಲ್ಲದೆ ಗಾಡಿ ರಸ್ತೆಗೆ ಇಳಿಸೋ ಹಂಗೇ ಇಲ್ಲ, ಕಾನೂನು."

"ಕಾರಿಗೆ ಏನಾದ್ರೂ ಆದ್ರೆ ದುಡ್ಡು ಕೊಡ್ತಾರಾ?" ಎಂದು ಕೇಳಿದಳು ಹನುಮಕ್ಕ, ಅಡುಗೆಮನೆಯ ಬಾಗಿಲಲ್ಲಿ ನಿಂತು.

"ಇಲ್ಲ ಕಣಮ್ಮ. ಕಾನೂನು ಕಡ್ಡಾಯ ಮಾಡಿರೋ ಇನ್ಶೂರೆನ್ಸಿನ ದುಡ್ಡು ನಿಮಗೂ ಅಲ್ಲ, ನಿಮ್ಮ ಗಾಡಿಗೂ ಅಲ್ಲ."

"ಮತ್ತಿನ್ಯಾರಿಗೆ?"

"ದಾರೀಲಿ ಹೋಗೋರಿಗೆ. ನಿಮ್ಮ ಗಾಡಿ ತಾಕಿ ಯಾರಿಗೋ ಹೆಚ್ಚುಕಮ್ಮಿ ಆಯ್ತು ಅನ್ಕೊಳ್ಳಿ. ಅವರ ಮನೆಯೋರಿಗೆ ಕಂಪನಿ ಕೊಡುತ್ತೆ. ಇಲ್ದಿದ್ರೆ ಆ ಬಡಪಾಯಿಗಳು ಎಲ್ಲಿಗೆ ಹೋಗ್ಬೇಕು?"

ಹನುಮಕ್ಕ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. "ಅಂದ್ರೆ ಯಾರನ್ನೋ ಸಾಯಿಸ್ತೀವಿ ಅಂತ ಮುಂಗಡ ಕೊಟ್ಟು ಕೂತ್ಕಬೇಕಾ? ಬುಡ್ತು ಅನ್ನಪ್ಪ. ಉಣ್ಣೋ ಹೊತ್ನಲ್ಲಿ ಎಂತಾ ಮಾತಾಡ್ತೀಯ."

ಸಂಜೀವಯ್ಯ ಬಿಡ್ತು ಅಂದ. ಜಗಲಿಯಿಂದ ಯತ್ತಪ್ಪ ನಕ್ಕ. "ಅಕ್ಕಾ, ಈ ಊರಾಗೆ ಬೆಳಗಿಂದ ಬೈಗಿನ್ತಂಕ ದಾರೀಲಿ ಹೋಗೋನು ಅಂದ್ರೆ ನಾನೊಬ್ನೆ. ಆ ಸ್ವಾಮೇರ್ಗೆ ಹೇಳಿ, ನನ್ನ ಹೆಸರೇ ಬರ್ಕಳ್ಳಿ."

ಎಲ್ಲರೂ ನಕ್ಕರು. ಹನುಮಕ್ಕನೂ ನಕ್ಕು, ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿ ಬಂದಳು.

ಮನೆಯ ದುಡ್ಡೆಲ್ಲ ಇರುತ್ತಿದ್ದುದು ಹನುಮಕ್ಕನ ತವರಿನ ಮರದ ಪೆಟ್ಟಿಗೆಯಲ್ಲಿ. ಬೀಗದ ಕೈ ಅವಳ ಸೊಂಟದಲ್ಲಿ. ಮೇಷ್ಟ್ರು ಮೂವತ್ತು ವರ್ಷ ಸಂಬಳ ತಂದು ಅವಳ ಕೈಗೆ ಕೊಟ್ಟು, ಬಸ್ ಚಾರ್ಜಿಗೂ ಅವಳನ್ನೇ ಕೇಳಿದವರು. ಮಗನೂ ಹಾಗೇ. ಹನುಮಕ್ಕ ಕೊಡುವುದರಲ್ಲಿ ಜಿಪುಣಿಯಲ್ಲ. ಆದರೆ ಅವಳದೊಂದು ಕಟ್ಟುಪಾಡು ಇತ್ತು. ಮಂಗಳವಾರ ಮತ್ತು ಶುಕ್ರವಾರ ಪೆಟ್ಟಿಗೆಯಿಂದ ಒಂದು ಪೈಸೆಯೂ ಹೊರಗೆ ಹೋಗುವಂತಿಲ್ಲ. ಮಂಗಳವಾರ ಬೇಕಾದರೆ ಒಮ್ಮೊಮ್ಮೆ ಕಣ್ಣು ಮುಚ್ಚಿಕೊಂಡಾಳು. ಶುಕ್ರವಾರ, ಅದೂ ದೀಪ ಹಚ್ಚಿದ ಮೇಲೆ, ಬ್ರಹ್ಮ ಬಂದರೂ ಇಲ್ಲ. ಅವಳ ಅತ್ತೆ ಹಾಗೆ ನಡೆಸಿದ್ದಳು, ಮನೆ ಕೆಟ್ಟಿರಲಿಲ್ಲ.

ಪಾಪದ ಸಂಜೀವಯ್ಯನಿಗೆ ವಾರದಲ್ಲಿ ಗೌಡಗೆರೆಗೆ ಸಿಕ್ಕುವ ದಿನಗಳು ಅವೆರಡೇ. ಕಾರ್ತಿಕದ ಕೊನೆಯ ಮಂಗಳವಾರ ಬಂದ, ಬರಿಗೈಯಲ್ಲಿ ಹೋದ. ಶುಕ್ರವಾರ ಮಧ್ಯಾಹ್ನವೇ ಬರುತ್ತೇನೆಂದವನು, ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಅವನು ಅಂಗಳಕ್ಕೆ ಕಾಲಿಡುವ ಹೊತ್ತಿಗೆ ಸರಸಮ್ಮ ದೇವರ ಮುಂದೆ ಬತ್ತಿ ಹಚ್ಚುತ್ತಿದ್ದಳು. ಯತ್ತಪ್ಪನ ಹೆಂಡತಿ ಕೊಲ್ಲಾಪುರಮ್ಮ ರಾಗಿ ತೆಗೆದುಕೊಂಡು ಹೋಗಲು ಬಂದು, ಚೀಲ ಕಟ್ಟುತ್ತ ಅಂಗಳದಲ್ಲಿ ಕೂತಿದ್ದಳು.

"ಅಮ್ಮ, ಇವತ್ತು ರಾತ್ರಿ ಹನ್ನೆರಡಕ್ಕೆ ಡಾಕ್ಟರ ಪಾಲಿಸಿ ಮುಗಿಯುತ್ತೆ. ದುಡ್ಡು ಕೊಟ್ರೆ ಇಲ್ಲೇ ಕಾಗದ ಬರೆದುಕೊಟ್ಟು ಹೋಗ್ತೀನಿ," ಎಂದು ಸಂಜೀವಯ್ಯ ಚೀಲದಿಂದ ಪುಸ್ತಕ ತೆಗೆದ.

"ದೀಪ ಹಚ್ಚಾಯ್ತಲ್ಲ ಸಂಜೀವಯ್ಯ. ಶುಕ್ರವಾರ. ನಾಳೆ ಬಾ."

"ನಾಳೆ, ನಾಡಿದ್ದು ಪಾವಗಡದಲ್ಲಿ ನಮ್ಮ ಭಾವಮೈದನ ಮದುವೆ. ಸೋಮವಾರವೇ ನಾನು ಸಿಗೋದು."

"ಹಂಗಾದ್ರೆ ಸೋಮವಾರ ಬಾ. ದುಡ್ಡು ಎತ್ತಿ ಗಂಟು ಕಟ್ಟಿ ಇಟ್ಟಿರ್ತೀನಿ. ಎಲ್ಲೋಗುತ್ತೆ?"

"ಅವ್ವ, ಕೊಟ್ಬುಡು ಅತ್ಲಾಗೆ," ಎಂದ ಬೈರಪ್ಪ.

"ನಿಮ್ಮಜ್ಜಿ ನಡೆಸ್ಕಂಡು ಬಂದಿದ್ದನ್ನ ನಾನು ಮುರೀಲೇನ್ಲಾ? ಒಂದು ಕಾಗದಕ್ಕೆ?"

ಆರಾಮ ಕುರ್ಚಿಯಲ್ಲಿ ಕೂತಿದ್ದ ಮೇಷ್ಟ್ರು ಕನ್ನಡಕ ಒರೆಸಿಕೊಂಡು, ತರಗತಿಯಲ್ಲಿ ಹೇಳುವ ದನಿಯಲ್ಲಿ ಹೇಳಿದರು. "ಅಷ್ಟಕ್ಕೂ ಗಡುವು ಅಂತ ಒಂದಿರುತ್ತಲ್ಲಯ್ಯ. ನನ್ನ ಜೀವವಿಮೆ ಕಂತಿಗೆ ಒಂದು ತಿಂಗಳು ಗಡುವಿಲ್ಲವೇ? ನೀನೇ ಎಷ್ಟು ಸಲ ತಡವಾಗಿ ಕಟ್ಟಿಸಿಕೊಂಡಿಲ್ಲ?"

"ಅದು ಜೀವವಿಮೆ ಸಾರ್. ಗಾಡಿಗೆ ಗಡುವಿಲ್ಲ. ಮುಗೀತು ಅಂದ್ರೆ ಮುಗೀತು."

"ಇರುತ್ತೆ ಕಣಯ್ಯ. ಎರಡೂ ಇನ್ಶೂರೆನ್ಸೇ ತಾನೆ."

ವಾದ ಮಾಡಿ ಗೆಲ್ಲುವ ಚೈತನ್ಯ ಸಂಜೀವಯ್ಯನಿಗೆ ಇರಲಿಲ್ಲ. ಮೇಷ್ಟ್ರು ಅವನಿಗೂ ಮೂರನೆಯ ತರಗತಿಯಲ್ಲಿ ಮೇಷ್ಟ್ರೇ. ಪುಸ್ತಕ ಮತ್ತೆ ಚೀಲಕ್ಕೆ ಹಾಕಿ, "ಸೋಮವಾರದ ತನಕ ಗಾಡಿ ಎತ್ತಬೇಡಪ್ಪ ಬೈರಪ್ಪ," ಎಂದು ಹೇಳಿ ಕೊನೆಯ ಬಸ್ಸಿಗೆ ನಡೆದ. ಕೊಲ್ಲಾಪುರಮ್ಮ ರಾಗಿಚೀಲ ತಲೆಗೇರಿಸಿಕೊಂಡು ಅವನ ಹಿಂದೆಯೇ ಹೊರಟಳು.

ಭಾನುವಾರ ಕೊರಟಗೆರೆಯಲ್ಲಿ ಹನುಮಕ್ಕನ ತಂಗಿ ಅಶ್ವತ್ಥಮ್ಮನ ಮೊಮ್ಮಗುವಿಗೆ ನಾಮಕರಣ. ಕಾರಿನಲ್ಲಿ ಬರುತ್ತೇನೆಂದು ಹನುಮಕ್ಕ ಒಂದು ತಿಂಗಳಿಂದ ಹೇಳಿಕೊಂಡು ಬಂದಿದ್ದಳು. ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟು ನಿಂತವಳಿಗೆ ಬೈರಪ್ಪ ಬಸ್ಸಿಗೆ ಹೋಗೋಣವೆಂದ.

"ಬಸ್ನಾಗೆ ಹೋಗಾದಾದ್ರೆ ಕಾರ್ಯಾಕ್ಲಾ ತಂದೆ? ಕೋಳಿ ಮೊಟ್ಟೆ ಇಡಕ್ಕಾ?"

"ಸೋಮವಾರದ ತನಕ ಎತ್ತಬೇಡಿ ಅಂತ ಹೇಳಿದ್ರಲ್ಲ ಅತ್ತೆ," ಎಂದಳು ಸರಸಮ್ಮ, ಬಾಗಿಲು ಸಾರಿಸುತ್ತಿದ್ದವಳು ತಲೆ ಎತ್ತದೆ.

"ನಿನ್ನ ಕೇಳಿದ್ನಾ?"

ಮೇಷ್ಟ್ರು ಗಡುವಿನ ಮಾತನ್ನು ಇನ್ನೊಮ್ಮೆ ಹೇಳಿದರು. ಬೈರಪ್ಪನಿಗೂ ಆಸೆ ಇಲ್ಲದಿರಲಿಲ್ಲ. ಮೇಷ್ಟ್ರು ಮನೆಯಲ್ಲೇ ಉಳಿದರು, ತಾಯಿ ಮಗನನ್ನು ಹೊತ್ತು ಕಾರು ಹೊರಟಿತು.

ನಾಮಕರಣ ಚೆನ್ನಾಗಿಯೇ ಆಯಿತು. ಅಶ್ವತ್ಥಮ್ಮನ ಬೀಗರು ಹೊರಗಿನಿಂದ ಬಾಗಿಲು ತೆಗೆದು ಹನುಮಕ್ಕನನ್ನು ಇಳಿಸಿಕೊಂಡರು. ಹಿಂದಿರುಗುವಾಗ ಮಧುಗಿರಿ ದಾಟಿ ಊರ ಹತ್ತಿರ ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಹನುಮಕ್ಕ ಮಡಿಲಲ್ಲಿ ತಾಂಬೂಲದ ತೆಂಗಿನಕಾಯಿ ಇಟ್ಟುಕೊಂಡು, ದೀಪ ಹಚ್ಚುವ ಹೊತ್ತಾಯಿತು, ಬೇಗ ನಡೆ ಎನ್ನುತ್ತಿದ್ದಳು. ಸೊಸೆ ಹಚ್ಚುತ್ತಾಳೆಂಬುದು ಗೊತ್ತಿದ್ದರೂ ಅನ್ನುವುದು ಅವಳ ಅಭ್ಯಾಸ.

ಅವರದೇ ಹೊಲದ ತಿರುವಿನಲ್ಲಿ ಕುರಿ ರಸ್ತೆ ದಾಟುತ್ತಿದ್ದವು. ಯತ್ತಪ್ಪ ಮಂದೆಯನ್ನು ರಾತ್ರಿಗೆಂದು ಮೇಷ್ಟ್ರ ಹೊಲಕ್ಕೆ ಇಳಿಸುತ್ತಿದ್ದ. ಅರ್ಧ ಮಂದೆ ಆಚೆ ದಾಟಿತ್ತು, ಅರ್ಧ ಈಚೆ ಉಳಿದಿತ್ತು. ಎತ್ತಿನ ಗಾಡಿಯವರಾದರೆ ಅಲ್ಲೇ ನಿಲ್ಲಿಸಿ ಬೀಡಿ ಹಚ್ಚುತ್ತಾರೆ. "ಹಾರನ್ ಒತ್ತೋ, ಸರ್ಕಂತಾವೆ," ಎಂದಳು ಹನುಮಕ್ಕ. ಬೈರಪ್ಪ ಒತ್ತಿದ. ಆಚೆ ಹೋಗಿದ್ದ ಕುರಿಗಳು ಬೆದರಿ ಮತ್ತೆ ಈಚೆಗೆ ನುಗ್ಗಿದವು. ಯತ್ತಪ್ಪ ಒಂದು ಮರಿಯನ್ನು ಹಿಡಿಯಲು ಕೋಲು ಎತ್ತಿಕೊಂಡು ಕಾರಿನ ಮುಂದೆ ಹಾರಿದ. ಬ್ರೇಕಿಗೆ ಹೋಗಬೇಕಿದ್ದ ಬೈರಪ್ಪನ ಕಾಲು ಪಕ್ಕದ ಪೆಡಲಿಗೆ ಹೋಯಿತು.

ಅದೇ ಕಾರಿನಲ್ಲಿ ಯತ್ತಪ್ಪನನ್ನು ಶಿರಾ ಆಸ್ಪತ್ರೆಗೆ ತೆಗೆದುಕೊಂಡು ಹೋದರು. ತಲೆ ಹನುಮಕ್ಕನ ತೊಡೆಯ ಮೇಲಿತ್ತು. ತೆಂಗಿನಕಾಯಿ ಎಲ್ಲಿ ಬಿತ್ತೋ ಅವಳಿಗೆ ತಿಳಿಯಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಯತ್ತಪ್ಪ ಕಣ್ಣು ಬಿಟ್ಟ.

"ಅಕ್ಕಾ, ನಿಮ್ಮ ಸೀರೆ ಕೆಟ್ಟೋಯ್ತು," ಎಂದ.

"ಸುಮ್ಕಿರಪ್ಪ. ಸೀರೆ ಹೋದ್ರೆ ಹೋಗ್ಲಿ. ಮಾತಾಡಬ್ಯಾಡ."

ಅವನು ಆಮೇಲೆ ಮಾತಾಡಲಿಲ್ಲ. ಆಸ್ಪತ್ರೆ ಮುಟ್ಟಿದಾಗ ಬೈರಪ್ಪ ಡಾಕ್ಟರನ್ನು ಕೂಗುತ್ತ ಒಳಗೆ ಓಡಿದ. ಹನುಮಕ್ಕ ಬಾಗಿಲನ್ನು ತಳ್ಳಿದಳು, ಗುದ್ದಿದಳು. ಅದು ಒಳಗಿನಿಂದ ತೆರೆಯುವ ಬಾಗಿಲಲ್ಲವಲ್ಲ. ಯಾರೋ ಬಂದು ತೆಗೆಯುವವರೆಗೆ ಅವಳು ಆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು, ಮತ್ತು ಅದು ಆಗಲೇ ತಣ್ಣಗಾಗುತ್ತಿದೆ ಎಂಬುದು ಅವಳ ಅಂಗೈಗೆ ಗೊತ್ತಾಗಿತ್ತು.

ಸೋಮವಾರ ಮೊದಲ ಬಸ್ಸಿಗೆ, ಹೇಳಿದ ಮಾತಿನಂತೆ, ಸಂಜೀವಯ್ಯ ಪುಸ್ತಕ ಹಿಡಿದು ಬಂದ. ಅವನಿಗೆ ಏನೂ ಗೊತ್ತಿರಲಿಲ್ಲ. ಒಲೆ ಹಚ್ಚದ ಮನೆ, ಗೋಡೆಗೆ ಒರಗಿ ಕೂತ ಹನುಮಕ್ಕ, ಪೊಲೀಸ್ ಠಾಣೆಗೆ ಹೋಗಿ ಇನ್ನೂ ಹಿಂದಿರುಗದ ಬೈರಪ್ಪ. ಸರಸಮ್ಮ ಎರಡು ಮಾತಿನಲ್ಲಿ ಹೇಳಿದಳು. ಸಂಜೀವಯ್ಯ ಜಗಲಿಯ ಮೇಲೆ ಕೂತ.

ಕಾಪಿ ಹೊಡೆದ ಹುಡುಗರ ಅಂಗೈಗೆ ಬೆತ್ತದ ಬರೆ ಎಳೆಯುತ್ತಿದ್ದ ಮೇಷ್ಟ್ರು ಅವನ ಪಕ್ಕಕ್ಕೆ ಬಂದು, ದನಿ ತಗ್ಗಿಸಿ ಕೇಳಿದರು. "ಸಂಜೀವಯ್ಯ, ಶುಕ್ರವಾರದ ತಾರೀಖು ಹಾಕಿ ಬರೆದುಕೊಡು. ನೀನು ಬಂದಿದ್ದೆ ತಾನೆ ಅವತ್ತು. ಸುಳ್ಳೇನು ಅದರಲ್ಲಿ? ಆ ಹೆಣ್ಣುಮಗಳಿಗಾದ್ರೂ ಕಂಪನಿಯಿಂದ ಬರುತ್ತೆ."

"ಹಾಳೆಗಳಿಗೆ ನಂಬರಿದೆ ಸಾರ್. ಶುಕ್ರವಾರ ಇಲ್ಲಿ ಬರೆಯದೆ ಉಳಿದ ಹಾಳೇನ ಶನಿವಾರ ಮದುವೆಮನೇಲಿ ಒಂದು ಲಾರಿಗೆ ಬರೆದುಕೊಟ್ಟೆ. ಅದಕ್ಕಿಂತ ಹಿಂದಿನ ತಾರೀಖು ಹಾಕಕ್ಕೆ ಈಗ ಹಾಳೆನೇ ಇಲ್ಲ." ಅವನ ಕಣ್ಣಲ್ಲಿ ನೀರಿತ್ತು. "ನಾನು ಅವತ್ತು ಜೋರು ಮಾಡಬೇಕಿತ್ತು ಸಾರ್. ನಿಮ್ಮ ಮುಂದೆ ಬಾಯಿ ಬರಲಿಲ್ಲ."

ಹನುಮಕ್ಕ ಎದ್ದು ಒಳಗೆ ಹೋಗಿ, ಅವನಿಗೆಂದು ಗಂಟು ಕಟ್ಟಿ ಇಟ್ಟಿದ್ದ ದುಡ್ಡನ್ನು ತಂದು ಅವನ ಮುಂದೆ ಇಟ್ಟಳು. ಹೇಳಿದ ಮಾತು ತಪ್ಪುವವಳಲ್ಲ ಅವಳು. ಸಂಜೀವಯ್ಯ ಅದನ್ನು ಮುಟ್ಟದೆ ಎದ್ದು ಹೋದ.

ಆಮೇಲಿನ ವಾರಗಳು ಆ ಮನೆಯಲ್ಲಿ ಹೇಗೆ ಕಳೆದವೆಂದು ಸರಸಮ್ಮನನ್ನು ಕೇಳಬೇಕು, ಮಾಡಿದ ಅಡುಗೆಯಲ್ಲಿ ಅರ್ಧ ಕಲಗಚ್ಚಿಗೆ ಹೋಗುತ್ತಿದ್ದುದು ಅವಳ ಕೈಯಿಂದಲೇ. ಠಾಣೆಯವರು ಮೂರು ಕಾಗದ ಕೇಳಿದರು. ಎರಡು ಇದ್ದವು. ಬೈರಪ್ಪ ಜಾಮೀನಿನ ಮೇಲೆ ಬಂದ, ಕಾರು ಠಾಣೆಯ ಬೇವಿನ ಮರದ ಕೆಳಗೆ ನಿಂತಿತು. ಅವನು ಶಿರಾದ ಮಿಲ್ಲಿನಲ್ಲೇ ಉಂಡು ಮಲಗಲು ಶುರು ಮಾಡಿದ. ಊರಿಗೆ ಬಂದರೂ ಹೊಲದ ತಿರುವು ಬೇಡವೆಂದು ಕೆರೆ ಏರಿ ಸುತ್ತಿ ಬರುತ್ತಿದ್ದ.

ಶಿರಾದ ವಕೀಲ ನಾಗಲಿಂಗಯ್ಯ ಒಂದೇ ಬುದ್ಧಿ ಹೇಳಿದ್ದರು. ಸತ್ತವನ ಮನೆಯವರಿಗೆ ಏನನ್ನೂ ಕೊಡಬೇಡಿ, ಒಂದು ಸೇರು ರಾಗಿಯನ್ನೂ. ಕೊಟ್ಟರೆ ತಪ್ಪು ಒಪ್ಪಿಕೊಂಡ ಹಾಗೆ. ಇನ್ಶೂರೆನ್ಸ್ ಇಲ್ಲದ ಗಾಡಿ, ಕೋರ್ಟು ಹೇಳಿದ್ದನ್ನೆಲ್ಲ ಬೈರಪ್ಪನೇ ತೆರಬೇಕಾಗುತ್ತದೆ, ಎಷ್ಟು ವರ್ಷ ಎಳೆಯಲು ಆಗುತ್ತದೋ ಅಷ್ಟು ಎಳೆಯೋಣ ಎಂದಿದ್ದರು.

ಗೊಲ್ಲರಹಟ್ಟಿಯ ಹಿರಿಯರು ಒಂದು ದಿನ ಬಂದು ಜಗಲಿಯ ಕೆಳಗೆ ನಿಂತು ಕೇಳಿದರು. "ಮೇಷ್ಟ್ರೆ, ಕಾರಿಗೆ ಅದೇನೋ ಇರ್ತದಂತಲ್ಲ, ಅದ್ರಿಂದ ಹೆಣ್ಣೆಂಗ್ಸಿಗೆ ಏನಾರ ಬತ್ತದಾ? ಎಲ್ಡು ಹೆಣ್ ಮಕ್ಕಳವೆ."

"ಕೋರ್ಟು ಏನು ಹೇಳುತ್ತೋ ಹಾಗೆ," ಎಂದರು ಮೇಷ್ಟ್ರು, ಅವರ ಮುಖ ನೋಡದೆ.

ಅವರು ಹೋದ ಮೇಲೆ ಹನುಮಕ್ಕ ಒಂದು ಚೀಲ ರಾಗಿ ಕಟ್ಟಿದಳು. ಆಳಿನ ಕೈಯಲ್ಲಿ ಹಟ್ಟಿಗೆ ಕಳಿಸಲೆಂದು ಹೊರಗಿಟ್ಟಳು. ಅದೇ ಹೊತ್ತಿಗೆ ಬೈರಪ್ಪ ಬಂದವನು ನೋಡಿದ.

"ಒಳಗಿಡವ್ವ ಅದನ್ನ. ವಕೀಲ್ರು ಬೇಡ ಅಂದವ್ರೆ."

"ಇದು ಗೊಬ್ಬರದ ರಾಗಿ ಕಣ್ಲಾ. ಅವನ ಮಂದೆ ನಮ್ಮ ಹೊಲದಲ್ಲಿ ತಂಗಿದ್ದಕ್ಕೆ ಕೊಡಬೇಕಾಗಿದ್ದು. ಇದಕ್ಕೂ ವಕೀಲನ ಅಪ್ಪಣೆ ಬೇಕಾ?"

"ಬೇಕು. ಎಲ್ಲಾದಕ್ಕೂ ಬೇಕು ಈಗ. ಅವತ್ತು ನೀನು ಒಂದಿಷ್ಟು ದುಡ್ಡು ಆಚೆ ಹಾಕಿದ್ರೆ ಯಾವನ ಅಪ್ಪಣೇನೂ ಬೇಕಾಗಿರ್ಲಿಲ್ಲ."

ಹನುಮಕ್ಕ ಆ ಮಾತಿಗೆ ಕಾಯುತ್ತಿದ್ದವಳಂತೆ ತಿರುಗಿದಳು. "ಹಾಕಿದ್ರೆ? ಹಾಕಿದ್ರೆ ಅವನು ಬದುಕ್ಬುಡ್ತಿದ್ನಾ? ಕಾರು ಓಡಿಸ್ದೋನು ನೀನು. ಬ್ರೇಕ್ ಯಾವ್ದು ಅಂತ ಕಾಣ್ದೇ ಹೋದೋನು ನೀನು."

"ಅವನು ಬದುಕ್ತಿರ್ಲಿಲ್ಲ," ಎಂದ ಬೈರಪ್ಪ. ದನಿ ಏರಿಸಲಿಲ್ಲ. "ಅವನ ಹೆಂಡ್ತಿ ಮಕ್ಕಳು ಬದುಕ್ತಿದ್ರು."

"ನಿಮ್ಮಪ್ಪನ್ನೂ ಕೇಳು. ಗಡುವು, ಗಡುವು ಅಂದೋರು ಅವರು."

"ನಾನು ಗಡುವು ಅಂದೆ, ಕೊಡಬೇಡ ಅಂದೆನಾ? ಬೀಗದ ಕೈ ಯಾರ ಸೊಂಟದಲ್ಲಿತ್ತು?" ಎಂದರು ಮೇಷ್ಟ್ರು.

ಮೂವರೂ ಹೀಗೆ ಒಬ್ಬರ ತಲೆಯ ಮೇಲಿಂದ ಇನ್ನೊಬ್ಬರ ತಲೆಗೆ ಹಾಕುತ್ತಿದ್ದಾಗ ಸರಸಮ್ಮ ಎದ್ದು ಬಂದು ರಾಗಿ ಚೀಲವನ್ನು ಎಳೆದು ಒಳಗಿಟ್ಟಳು. "ಬೇಡ ಅಂದೋಳು ನಾನೊಬ್ಳು. ನನ್ನ ಯಾರೂ ಕೇಳಿರಲಿಲ್ಲ," ಎಂದಷ್ಟೇ ಹೇಳಿ ಒಲೆಯ ಮುಂದೆ ಹೋಗಿ ಕೂತಳು. ಆ ರಾತ್ರಿ ಯಾರೂ ಉಣ್ಣಲಿಲ್ಲ. ಯತ್ತಪ್ಪನ ಅಲ್ಯೂಮಿನಿಯಂ ತಟ್ಟೆ ಜಗಲಿಯ ಗೂಡಿನಲ್ಲಿ ಹಾಗೇ ಇತ್ತು. ತೆಗೆದು ಒಳಗಿಡಲು ಹನುಮಕ್ಕನಿಗೆ ಕೈ ಬರಲಿಲ್ಲ, ಬಿಸಾಡಲಂತೂ ಸಾಧ್ಯವೇ ಇರಲಿಲ್ಲ.

ಕೊಲ್ಲಾಪುರಮ್ಮ ಒಂದು ದಿನವೂ ಬಂದು ಜಗಳವಾಡಲಿಲ್ಲ. ಬಂದು ಮಣ್ಣು ತೂರಿದ್ದರೆ ಹನುಮಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು. ದಿನವೂ ಸಂಜೆ ಅವಳು ದೊಡ್ಡ ಮಗಳನ್ನು ಜೊತೆಗೆ ಕರೆದುಕೊಂಡು ಕುರಿ ಹೊಡೆದುಕೊಂಡು ಅದೇ ರಸ್ತೆಯಲ್ಲಿ ಹೋಗುತ್ತಿದ್ದಳು. ಕುರಿಗಳು ಅಭ್ಯಾಸಬಲದಿಂದ ಮೇಷ್ಟ್ರ ಹೊಲದ ಕಡೆ ತಿರುಗುತ್ತಿದ್ದವು. ಆ ಹುಡುಗಿ ಅಡ್ಡ ನಿಂತು, ಕೋಲು ಬೀಸಿ, ಅವುಗಳನ್ನು ರಸ್ತೆಗೆ ಹಿಂದಿರುಗಿಸುತ್ತಿದ್ದಳು. ಹಿತ್ತಲಿನಿಂದ ಹನುಮಕ್ಕನಿಗೆ ಅದು ಕಾಣುತ್ತಿತ್ತು. ಬರಬರುತ್ತ ಮಂದೆ ಸಣ್ಣದಾಯಿತು. ಇಬ್ಬರು ಹೆಂಗಸರ ಕೈಯಲ್ಲಿ ಕಾಯಲಾಗದೆ ಅವಳು ಒಂದೊಂದೇ ಕುರಿ ಮಾರುತ್ತಿದ್ದಾಳೆಂದು ಸರಸಮ್ಮ ಬಾವಿಕಟ್ಟೆಯಲ್ಲಿ ಕೇಳಿ ಬಂದು ಹೇಳಿದಳು.

ಸಂಕ್ರಾಂತಿ ಕಳೆದ ಮೇಲೆ ಠಾಣೆಯವರು ಕಾರನ್ನು ಬಿಟ್ಟರು. ಬೈರಪ್ಪ ಅದನ್ನು ಮನೆಗೆ ತಂದವನು ಮತ್ತೆ ಕೀ ಹಾಕಲಿಲ್ಲ. ಮಧುಗಿರಿಯ ಚಿಕ್ಕನರಸಯ್ಯ ಎಂಬ ಬಟ್ಟೆ ಅಂಗಡಿಯವನು ಬಂದು ನೋಡಿ, ಆ ಕೆಟ್ಟ ಬಾಗಿಲ ನೆಪದಲ್ಲಿ ಒಂದಿಷ್ಟು ಇಳಿಸಿ, ಒಂದು ಶುಕ್ರವಾರ ಸಂಜೆ ಪೂರ್ತಿ ದುಡ್ಡು ಎಣಿಸಿ ಕೊಟ್ಟು ಕಾರು ತೆಗೆದುಕೊಂಡು ಹೋದ. ಅವನು ಸಂಜೀವಯ್ಯನನ್ನು ಜೊತೆಗೇ ಕರೆತಂದಿದ್ದ. ಗಾಡಿ ಅಂಗಳ ಬಿಡುವ ಮುಂಚೆ, ಅಲ್ಲೇ ಬಾನೆಟ್ಟಿನ ಮೇಲೆ ಪುಸ್ತಕವಿಟ್ಟು, ಸಂಜೀವಯ್ಯ ಅವನ ಹೆಸರಿಗೆ ಇನ್ಶೂರೆನ್ಸ್ ಬರೆದುಕೊಟ್ಟ. ಹನುಮಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯದ ಕೆಲಸ ಅದು.

"ತಗೋ ಅವ್ವ, ಪೆಟ್ಟಿಗೇಲಿಡು," ಎಂದು ಬೈರಪ್ಪ ನೋಟಿನ ಕಟ್ಟುಗಳನ್ನು ಅವಳ ಕೈಗೆ ಕೊಟ್ಟ. "ಶುಕ್ರವಾರ ಬಂದ ದುಡ್ಡು, ನಿನ್ನ ಪೆಟ್ಟಿಗೆ ಬಿಟ್ಟು ಆಚ್ಗೆ ಹೋಗಲ್ಲ. ಬೆಳಿಗ್ಗೆ ಶಿರಾಕ್ಕೆ ತಗೊಂಡು ಹೋಗ್ತೀನಿ. ವಕೀಲ್ರಿಗೆ ಕೊಟ್ಟು ಉಳಿದಿದ್ದು ಮಿಲ್ಲಿನ ಮೋಟಾರಿಗೆ."

"ಹಟ್ಟಿಯೋರಿಗೆ?"

"ಅದನ್ನೇ ಮತ್ತೆ ತೆಗೀಬೇಡ. ಕೋರ್ಟಿದೆ."

ಅವನು ಸ್ನಾನಕ್ಕೆ ಹೋದ. ಮೇಷ್ಟ್ರು ದೇವಸ್ಥಾನಕ್ಕೆ ಹೋಗಿದ್ದರು. ಹನುಮಕ್ಕ ದೇವರ ಮುಂದೆ ಎಣ್ಣೆ ಹಾಕಿ, ಬತ್ತಿ ಸರಿಮಾಡಿ, ತಾನೇ ದೀಪ ಹಚ್ಚಿದಳು. ಕೈ ಮುಗಿದಳು. ಆಮೇಲೆ ಸೊಂಟದಿಂದ ಬೀಗದ ಕೈ ತೆಗೆದು ಪೆಟ್ಟಿಗೆ ತೆರೆದು, ಒಳಗಿದ್ದ ಹಳೆಯ ಗಂಟಿಗೆ ಕಾರಿನ ದುಡ್ಡನ್ನೂ ಸೇರಿಸಿ ಸೆರಗಿಗೆ ಕಟ್ಟಿಕೊಂಡಳು.

"ಅತ್ತೆ, ಇವತ್ತು ಶುಕ್ರವಾರ," ಎಂದಳು ಬಾಗಿಲಲ್ಲಿ ನಿಂತ ಸರಸಮ್ಮ.

"ನನಗೆ ವಾರ ಹೇಳ್ಕೊಡಬ್ಯಾಡ ಕಣೆ."

"ಅವರು ಬಂದು ಕೇಳಿದ್ರೆ ಏನು ಹೇಳ್ಲಿ?"

"ಇದ್ದಿದ್ದು ಹೇಳು. ನಾಳೆ ಬೆಳಿಗ್ಗೆ ಅಂದ್ರೆ ದುಡ್ಡು ವಕೀಲನ ಮನೇಲಿರುತ್ತೆ."

ಸರಸಮ್ಮ ಗೂಡಿನಿಂದ ಬ್ಯಾಟರಿ ತಂದು ಅತ್ತೆಯ ಕೈಗೆ ಕೊಟ್ಟಳು. ಮದುವೆಯಾಗಿ ಬಂದ ಮೇಲೆ ಇಬ್ಬರೂ ಒಂದೇ ಮಾತಿನ ಮೇಲೆ ನಿಂತದ್ದು ಅದೇ ಮೊದಲು.

ಹಟ್ಟಿ ಊರಿಂದ ಹತ್ತಿರವೇ. ಮುಳ್ಳಿನ ಬೇಲಿಯ ಹೊರಗೆ ಚಪ್ಪಲಿ ಬಿಟ್ಟು ಹನುಮಕ್ಕ ಒಳಗೆ ಹೋದಳು. ಕೊಲ್ಲಾಪುರಮ್ಮನ ಗುಡಿಸಿಲ ಮುಂದೆ ರೊಪ್ಪದಲ್ಲಿ ಕೆಲವೇ ಕುರಿಗಳಿದ್ದವು. ಬಾಗಿಲ ಒಳಗೆ ಬುಡ್ಡಿ ಉರಿಯುತ್ತಿತ್ತು. ಕೊಲ್ಲಾಪುರಮ್ಮ ಹೊರಗೆ ಬಂದು ನೋಡಿದಳು. ಅವಳ ಹಣೆ ಬರಿದಾಗಿತ್ತು.

"ಬಾರಕ್ಕ," ಎಂದಳು ಕೊಲ್ಲಾಪುರಮ್ಮ.

ಹನುಮಕ್ಕ ಸೆರಗಿನಿಂದ ಗಂಟು ತೆಗೆದು ಚಾಚಿದಳು. "ಇದು ತಗಳೆ."

"ಏನಕ್ಕಾ ಇದು?"

"ಕಾರು ಮಾರಿದ ದುಡ್ಡು. ಅವತ್ತು ಸಂಜೀವಯ್ಯಂಗೆ ಕೊಡದೆ ಇಟ್ಕಂಡಿದ್ದೂ ಇದ್ರಾಗೇ ಐತೆ. ನೀನೂ ಅಂಗಳದಾಗೆ ಕೂತಿದ್ದೆ. ಕೇಳಿಸ್ಕಂಡಿದ್ದೆ."

"ಕೇಳಿಸ್ಕಂಡಿದ್ದೆ," ಎಂದಳು ಕೊಲ್ಲಾಪುರಮ್ಮ. "ನಮ್ಮೋನು ಮನೆಗೆ ಬಂದು ಹೇಳ್ಕಂಡು ನಗ್ತಿದ್ದ. ದಾರೀಲಿ ಹೋಗೋನಿಗೆ ಅಂತ ದುಡ್ಡು ಕಟ್ತಾರಂತೆ ಕಣೆ, ನನ್ನ ಹೆಸರೇ ಬರ್ಕಳಿ ಅಂದು ಬಂದೆ ಅಂತ. ಊರೆಲ್ಲ ಹೇಳ್ಕಂಡು ತಿರುಗ್ದ."

ಹನುಮಕ್ಕ ಚಾಚಿದ ಕೈ ಹಾಗೇ ಇತ್ತು. ಕೊಲ್ಲಾಪುರಮ್ಮ ಗಂಟನ್ನು ನೋಡಿದಳು, ಒಳಗಿನ ಬುಡ್ಡಿಯ ಕಡೆ ನೋಡಿದಳು. ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

"ಇವತ್ತು ಬ್ಯಾಡಕ್ಕಾ. ಶುಕ್ರವಾರ. ದೀಪ ಹಚ್ಚಾಗೈತೆ. ನಿಮ್ಮನೆ ಲಕ್ಷ್ಮೀನ ನಾನೆಂಗೆ ಮುಟ್ಲಿ? ಸೋಮವಾರ ಬಾ."

ಹನುಮಕ್ಕ ಅವಳ ದನಿಯಲ್ಲಿ ಕುಹಕ ಹುಡುಕಿದಳು. ಒಂದಿಷ್ಟು ಕುಹಕವಿದ್ದಿದ್ದರೆ ಅದನ್ನು ಹಿಡಿದುಕೊಂಡು ಅಳಬಹುದಿತ್ತು, ಕಾಲಿಗೆ ಬೀಳಬಹುದಿತ್ತು. ಇರಲಿಲ್ಲ. ಆ ಹೆಂಗಸು ನಿಜವಾಗಿಯೂ ಹನುಮಕ್ಕನ ಮನೆಗೆ ಕೆಡುಕಾಗಬಾರದೆಂದೇ ಹೇಳುತ್ತಿದ್ದಳು.

"ಸೋಮವಾರ ಅಂತ ನಾನೊಂದ್ಸಲ ಅಂದೆ ಕಣೆ," ಎಂದಳು ಹನುಮಕ್ಕ. "ಇನ್ನು ಅನ್ನಾಕಿಲ್ಲ. ಅನ್ನಿಸ್ಕಳಾಕೂ ಇಲ್ಲ. ನೀನು ಈಗ ತಗಳ್ದಿದ್ರೆ ಬ್ಯಾಡ. ಬೆಳಗಾದ್ರೆ ಶನಿವಾರ ಆಗುತ್ತಲ್ಲ, ಆಗ ಈಸ್ಕೊ. ಅಲ್ಲೀಗಂಟ ಇಲ್ಲೇ ಕೂತಿರ್ತೀನಿ."

"ಚಳಿ ಐತೆ. ಮನೇಲಿ ಹುಡುಕ್ತಾರೆ."

"ಹುಡುಕ್ಲಿ."

ಅವಳು ರೊಪ್ಪದ ಪಕ್ಕದಲ್ಲಿ ನೆಲದ ಮೇಲೆಯೇ ಕೂತಳು. ಕೊಲ್ಲಾಪುರಮ್ಮ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಒಂದು ಕರಿ ಕಂಬಳಿ ತಂದು ಹನುಮಕ್ಕನ ಹೆಗಲ ಮೇಲೆ ಹೊದಿಸಿದಳು. ಅದು ಯಾರ ಕಂಬಳಿ ಎಂದು ಅವಳೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಜಗಲಿಯ ಮೇಲೆ ಊಟಕ್ಕೆ ಕೂರುವಾಗ ಅದನ್ನು ಮಡಿಸಿ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದುದನ್ನು ಹನುಮಕ್ಕ ಎಷ್ಟೋ ವರ್ಷ ನೋಡಿದ್ದಳು. ಅದರ ಕುರಿವಾಸನೆ ಮೂಗಿಗೆ ಬಂದದ್ದೇ ಅವಳಿಗೆ ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು, ದನಿ ಹೊರಗೆ ಬರದ ಹಾಗೆ ಅತ್ತಳು.

ಗುಡಿಸಿಲ ಒಳಗೆ ಸಣ್ಣ ಮಗಳು ಎಚ್ಚರವಾಗಿ ಕೇಳಿದಳು. "ಯಾರವ್ವ ಅದು, ಹೊರಗೆ ಕೂತಿರಾದು?"

ತಾಯಿ ಕದವನ್ನು ಪೂರ್ತಿ ಮುಚ್ಚದೆ ಅರ್ಧ ತೆರೆದೇ ಇಟ್ಟು, ಮಗುವಿನ ಪಕ್ಕ ಮಲಗುತ್ತ ಹೇಳಿದಳು.

"ದಾರೀಲಿ ಹೋಗೋರು ಕಣಮ್ಮ. ಬೆಳಿಗ್ಗೆ ಹೋಗ್ತಾರೆ. ಮನೀಕ."

ಹನುಮಕ್ಕ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು.